ಸೀರೀಸ್ ಕೆಪಾಸಿಟರ್ ಇರುವ ಲೈನಿಗೆ ಒಮಿಕ್ರಾನ್ ಸಿಎಂಸಿ 356: ಮೂರು ದಿನ ಬಳಸಿ ನೋಡಿದೆ

ಲೈನಿನಲ್ಲಿ ಫಾಲ್ಟ್ ಆದಾಗ ಗುರುತಿಸಿ ಟ್ರಿಪ್ ಮಾಡಿಸುವ ಸಾಧನ ರಿಲೇ. ಅದಕ್ಕೆ ಕೃತಕ ಕರೆಂಟ್, ವೋಲ್ಟೇಜ್ ಕೊಟ್ಟು ಟೆಸ್ಟ್ ಮಾಡುವ ಕಿಟ್ ಇದು. ನಮ್ಮದಲ್ಲ, ಬಾಡಿಗೆಗೆ ತಂದಿದ್ದು. ತೂಕ ಹದಿನಾರು ಕೆಜಿ ದಾಟುತ್ತದೆ. ಆರು ಕರೆಂಟ್, ನಾಲ್ಕು ವೋಲ್ಟೇಜ್ ಔಟ್‌ಪುಟ್ ಇವೆ. ಮಾಮೂಲಿ ಲೈನಿಗೆ ಇಷ್ಟು ದೊಡ್ಡ ಕಿಟ್ ಬೇಕಾ ಅಂತ ಕೇಳಬಹುದು. ನಮ್ಮ ಲೈನ್ ಮಾಮೂಲಿಯದಲ್ಲ, ಕರೆಂಟ್ ಹರಿಯುವ ದಾರಿಯಲ್ಲೇ ಕೆಪಾಸಿಟರ್ ಕೂರಿಸಿದೆ.

400 ಕೆವಿ, 200 ಕಿ.ಮೀ. ಉದ್ದ. ರಿಯಾಕ್ಟೆನ್ಸ್, ಅಂದರೆ ಎಸಿ ಕರೆಂಟಿಗೆ ಲೈನಿನ ಇಂಡಕ್ಟೆನ್ಸ್ ಒಡ್ಡುವ ಅಡ್ಡಿ, ಸುಮಾರು 66 ಓಮ್. ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ರಿಲೇ ಅಂದಾಜು ಮಾಡುವುದು ಈ ಓಮ್ ಅಳೆದೇ. ಕೆಪಾಸಿಟರ್ ಅದರಲ್ಲಿ 40 ಪರ್ಸೆಂಟ್ ಕಳೆಯುತ್ತದೆ, ಉಳಿಯುವುದು 40 ಓಮ್ ಅಷ್ಟೇ. ಯಾವಾಗಿನಂತೆ ಝೋನ್ 1 ಅನ್ನು (ರಿಲೇ ಕಾಯದೆ ಟ್ರಿಪ್ ಮಾಡುವ ಹತ್ತಿರದ ವ್ಯಾಪ್ತಿ) 66ರ 80 ಪರ್ಸೆಂಟಿಗೆ, ಅಂದರೆ 53 ಓಮ್‌ಗೆ ಇಟ್ಟರೆ, ಆಚೆ ಸ್ಟೇಷನ್ನಿನಲ್ಲಿ ಲೈನುಗಳು ಬಂದು ಸೇರುವ ಬಸ್‌ಬಾರ್‌ನಲ್ಲಿ ಆದ ಫಾಲ್ಟೂ ನಮ್ಮ ಲೈನಿನದೇ ಅಂತ ರಿಲೇ ತಿಳಿದುಕೊಳ್ಳುತ್ತದೆ. ಕಾಯುವುದೇ ಇಲ್ಲ, ಟ್ರಿಪ್! ಫಾಲ್ಟ್ ಕರೆಂಟ್ ಜಾಸ್ತಿಯಾದರೆ ಅದರ ರಕ್ಷಣೆಗೆ ಇರುವ ಎಂಓವಿ (ವೋಲ್ಟೇಜ್ ಏರದಂತೆ ತಡೆಯುವ ಸಾಧನ), ಸ್ಪಾರ್ಕ್ ಗ್ಯಾಪ್, ಬೈಪಾಸ್ ಬ್ರೇಕರ್ ಸೇರಿ ಕೆಪಾಸಿಟರನ್ನು ಬದಿಗೆ ಸರಿಸುತ್ತವೆ. ಕಡಿಮೆಯಾದರೆ ಅದು ಅಲ್ಲೇ ಇರುತ್ತದೆ. ಯಾವಾಗ ಇದೆ, ಯಾವಾಗ ಇಲ್ಲ ಅಂತ ರಿಲೇಗೆ ಹೇಳುವವರು ಯಾರು?

ನಮ್ಮ ಸೆಟ್ಟಿಂಗ್ ಶೀಟಿನಲ್ಲಿ ಅದಕ್ಕೇ ಝೋನ್ 1 ಉಳಿದ 40 ಓಮ್‌ಗಿಂತ ಕಡಿಮೆ, 31 ಓಮ್ ಇತ್ತು. ಮೊದಲ ದಿನ ಮಾಮೂಲಿ ಟೆಸ್ಟ್. ಓಮ್ ಇಳಿಸುತ್ತಾ ಹೋದೆ, ಎಲ್ಲಾ ಪಾಸ್. ಎರಡನೇ ದಿನ ಸಿಮ್ಯುಲೇಷನ್ನಿನಿಂದ ಬಂದ ಕಾಮ್‌ಟ್ರೇಡ್ ಫೈಲುಗಳನ್ನು (ಫಾಲ್ಟಿನ ಕರೆಂಟ್, ವೋಲ್ಟೇಜ್ ವೇವ್‌ಫಾರ್ಮ್ ಇರುವ ಫೈಲು) ಕಿಟ್‌ನ ಸಾಫ್ಟ್‌ವೇರ್ ಅಡ್ವಾನ್ಸ್ಡ್ ಟ್ರಾನ್ಸ್‌ಪ್ಲೇನಲ್ಲಿ ಹಾಕಿ ಓಡಿಸಿದೆ. ಆಚೆ ಬಸ್‌ಬಾರಿನ ಫಾಲ್ಟ್. ಕೆಂಪು ದೀಪ ಹತ್ತಿತು. ಝೋನ್ 1! ಎದೆ ಧಸಕ್ಕೆಂದಿತು. ಮತ್ತೆ ಓಡಿಸಿದೆ, ಮತ್ತೆ ಅದೇ.

ವೇವ್‌ಫಾರ್ಮ್ ತೆಗೆದು ನೋಡಿದಾಗ ಅರ್ಥವಾಯಿತು. ಕೆಪಾಸಿಟರೂ ಲೈನಿನ ಇಂಡಕ್ಟೆನ್ಸೂ ಸೇರಿ 50 ಹರ್ಟ್ಜ್‌ಗಿಂತ ಕೆಳಗೆ ತೂಗಾಡುತ್ತವೆ. ಅಳತೆಯ ಓಮ್ ಸುರುಳಿ ಸುತ್ತಿಕೊಂಡು ಒಂದು ಕ್ಷಣ 31ರ ಒಳಗೆ ಬಂದು ಹೋಗುತ್ತದೆ. ರಿಲೇಗೆ ಆ ಕ್ಷಣವೇ ಸಾಕು. ಸುಮ್ನೆ ಓಮ್ ಇಳಿಸುವ ಟೆಸ್ಟಿನಲ್ಲಿ ಈ ತೂಗಾಟ ಇರುವುದೇ ಇಲ್ಲ, ಹಾಗಿದ್ದ ಮೇಲೆ ಸಿಗುವುದಾದರೂ ಹೇಗೆ? ಪ್ರೊಟೆಕ್ಷನ್ ಆಫೀಸಿಗೆ ಫೋನ್ ಮಾಡಿ, ಅವರು ಒಪ್ಪಿದ ಮೇಲೆ 25ಕ್ಕೆ ಇಳಿಸಿ ಎಲ್ಲಾ ಫೈಲು ಮತ್ತೆ ಓಡಿಸಿದೆ. ದೀಪ ಹತ್ತಲಿಲ್ಲ. ಝೋನ್ 1 ಈಗ ಲೈನಿನ ಸ್ವಲ್ಪ ಭಾಗವನ್ನಷ್ಟೇ ನೋಡುತ್ತದೆ, ನಿಜ. ಉಳಿದದ್ದಕ್ಕೆ ಲೈನಿನ ಎರಡೂ ತುದಿಯ ಕರೆಂಟ್ ಹೋಲಿಸಿ ನೋಡುವ ಲೈನ್ ಡಿಫರೆನ್ಷಿಯಲ್ ಇದೆ.

ಈ ಒಂದು ಕೆಲಸಕ್ಕೇ ಕೊಟ್ಟ ಬಾಡಿಗೆ ಸಾರ್ಥಕ ಅನ್ನಿಸಿತು. ತರಿಸುವವರು ಎರಡು ವಿಷಯ ನೆನಪಿಡಿ. ಡಿಫರೆನ್ಷಿಯಲನ್ನು ಎರಡೂ ತುದಿಯಿಂದ ಒಟ್ಟಿಗೆ ಟೆಸ್ಟ್ ಮಾಡಬೇಕಾದರೆ ಇಂಥ ಎರಡು ಕಿಟ್ ಬೇಕು, ಜೊತೆಗೆ ಜಿಪಿಎಸ್ ಟೈಮ್ ಬೇಕು. ಎರಡನೆಯದು, ಫೈಲುಗಳನ್ನು ಶಟ್‌ಡೌನಿಗೆ ವಾರ ಮೊದಲೇ ಕೇಳಿ ಇಟ್ಟುಕೊಳ್ಳಿ. ನಮಗೆ ಬಂದಿದ್ದು ಹಿಂದಿನ ರಾತ್ರಿ ಹನ್ನೊಂದಕ್ಕೆ.