ಮೆಕ್ಸಿಕನ್ ಹೋಟೆಲ್ ಉಳಿಸಿಕೊಳ್ಳಲು ನಾನು ಹಿಡಿದ ನಾಲ್ಕು ದಾರಿಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಪುಟ್ಟ ಮೆಕ್ಸಿಕನ್ ಹೋಟೆಲ್ ಇದೆ. ಎಂಟು ಮೇಜು, ಅಗಲವಾದ ಒಂದು ಹೆಂಚು, ಮೆಕ್ಸಿಕೊದ ವಹಾಕಾ ಪ್ರಾಂತ್ಯದಿಂದ ಬಂದ ಒಡತಿ, ಜೊತೆಗೆ ಅವರ ಮಗ. ಸುತ್ತಲಿನ ಕಚೇರಿಗಳ ಜನ ವಾರಕ್ಕೆ ಮೂರೇ ದಿನ ಬರತೊಡಗಿದ ಮೇಲೆ ಸೋಮವಾರ ಮತ್ತು ಶುಕ್ರವಾರದ ಮಧ್ಯಾಹ್ನ ಅಲ್ಲಿ ನೊಣ ಹೊಡೆಯುವ ಸ್ಥಿತಿ. ಬಾಡಿಗೆ ಕರಾರು ಮುಗಿಯುವ ತನಕ ನೋಡುತ್ತೇವೆ ಎಂದು ಒಡತಿ ಹೇಳಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಬಾಗಲಕೋಟೆಯಲ್ಲಿ ಬೆಳೆದ ನನಗೆ, ಕಣ್ಣೆದುರಿಗೆ ಕೈಯಲ್ಲಿ ತಟ್ಟಿ ಹೆಂಚಿಗೆ ಹಾಕಿದ ಬಿಸಿ ಟೋರ್ಟಿಯಾ ಎಂಬ ರೊಟ್ಟಿ ಬರಿಯ ತಿಂಡಿಯಲ್ಲ. ನಮ್ಮದು ಜೋಳ, ಅವರದು ಮೆಕ್ಕೆಜೋಳ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ರುಬ್ಬುತ್ತಾರೆ. ಆ ಘಮ ಅಂಗಡಿಯ ಒಣ ಟೋರ್ಟಿಯಾಕ್ಕೆ ಎಂದೂ ಬಾರದು.

ಹಾಗಾಗಿ ಜನವರಿಯಿಂದ ಐದು ತಿಂಗಳು ಅವರಿಗೆ ಹಣ ಮುಟ್ಟಿಸುವ ನಾಲ್ಕು ದಾರಿಗಳನ್ನು ಹಿಡಿದು ನೋಡಿದೆ. ಒಡತಿ ಸಂಕೋಚವಿಲ್ಲದೆ ತಮ್ಮ ಲೆಕ್ಕದ ಪುಸ್ತಕವನ್ನೂ ತೋರಿಸಿದರು.

ಮೊದಲನೆಯದು ಮೊಬೈಲ್ ಆ್ಯಪ್. ಅಮೆರಿಕದಲ್ಲಿ ಊಟ ತಲುಪಿಸುವ ಆ್ಯಪ್‌ಗಳ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 30ರವರೆಗೆ ಇರುತ್ತದೆ. ಈ ಹೋಟೆಲ್‌ನವರು ಕೊಡುತ್ತಿದ್ದುದು ಶೇ 25. ನಾನು 40 ಡಾಲರ್ ಊಟ ತರಿಸಿದೆ. ಸೇವಾ ಶುಲ್ಕ, ತಲುಪಿಸುವ ಶುಲ್ಕ, ತಂದುಕೊಟ್ಟವರಿಗೆ ಟಿಪ್ಸ್ ಸೇರಿ, ತೆರಿಗೆ ಬಿಟ್ಟು, ನನ್ನ ಕೈಯಿಂದ 54 ಡಾಲರ್ ಹೋಯಿತು. ಅವರ ಕೈಗೆ ಬಂದದ್ದು 30. ಅದರಲ್ಲಿ ಡಬ್ಬಿ, ಚೀಲದ ಖರ್ಚೂ ಅವರದೇ. ಇಲ್ಲಿಂದ ಹೆಚ್ಚು ದೂರವಿಲ್ಲದ ಸ್ಯಾನ್ ಫ್ರಾನ್ಸಿಸ್ಕೊ ನಗರ 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾಲದ ತುರ್ತು ಆದೇಶ ಹೊರಡಿಸಿ ಈ ಕಮಿಷನ್ ಶೇ 15 ಮೀರಬಾರದೆಂದು ಕಟ್ಟು ಹಾಕಿದ್ದು ಯಾಕೆಂದು ಆ ಪುಸ್ತಕ ನೋಡಿದಾಗ ಅರ್ಥವಾಯಿತು. ಆದರೂ ಆ್ಯಪ್ ಬಿಡಲು ಅವರು ಒಪ್ಪುವುದಿಲ್ಲ. ಮಳೆಯ ಸಂಜೆ ಹೊಸ ಗಿರಾಕಿಗಳು ಬರುವುದು ಅಲ್ಲಿಂದಲೇ. ಆ ಮಾತು ಸರಿ. ಅವರ ಬಾಗಿಲು ಗೊತ್ತಿರುವ ನಾನು ಮಾತ್ರ ಆ ದಾರಿ ಹಿಡಿಯಬೇಕಾಗಿಲ್ಲ.

ಎರಡನೆಯದು ಫೋನ್ ಮಾಡಿ ಹೇಳಿ, ನಾನೇ ಹೋಗಿ ಪಾರ್ಸೆಲ್ ತರುವುದು. ಅದೇ 40 ಡಾಲರ್ ಊಟ. ನಗದು ಕೊಟ್ಟರೆ ನಲವತ್ತೂ ಅವರದು, ಕಾರ್ಡ್ ಆದರೆ ಬ್ಯಾಂಕಿನ ಪಾಲು ಒಂದು ಡಾಲರಿನ ಆಸುಪಾಸು. ನನಗೆ ಉಳಿದ 14 ಡಾಲರಿನಲ್ಲಿ ಇನ್ನೊಂದು ತಟ್ಟೆ ಎಂಚಿಲಾಡ ಬರುತ್ತದೆ. ನಡೆದು ಹೋಗಲು ಏಳು ನಿಮಿಷ. ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ, ಆ್ಯಪ್‌ಗಿಂತ ಇದು ಎಲ್ಲ ವಿಧದಲ್ಲೂ ಮೇಲು.

ಗಿಫ್ಟ್ ಕಾರ್ಡ್ ವಿಷಯದಲ್ಲಿ ನಾನು ಎಡವಿದೆ. ಜನವರಿಯಲ್ಲಿ ವ್ಯಾಪಾರ ತೀರಾ ಬಿದ್ದಾಗ 200 ಡಾಲರ್ ಕೊಟ್ಟು ಕಾರ್ಡ್ ಕೊಂಡೆ, ಅವರಿಗೆ ಆ ವಾರದ ದಿನಸಿಗೆ ಆಯಿತು. ಆಮೇಲೆ ನಾಲ್ಕು ಶುಕ್ರವಾರ ನಾನೇ ಆ ಕಾರ್ಡಿನಲ್ಲಿ ಉಂಡೆ. ಆ ನಾಲ್ಕೂ ದಿನ ನನ್ನಿಂದ ಗಲ್ಲಾಕ್ಕೆ ಒಂದು ಡಾಲರೂ ಬೀಳಲಿಲ್ಲ, ಕಾಳು, ಎಣ್ಣೆ, ಗ್ಯಾಸ್ ಮಾತ್ರ ಖರ್ಚಾಯಿತು. ನಾನು ಕೊಟ್ಟದ್ದು ನೆರವಲ್ಲ, ಬಡ್ಡಿಯಿಲ್ಲದ ಕೈಗಡ. ಮಾರ್ಚ್‌ನಲ್ಲಿ ಮತ್ತೆ ಕಾರ್ಡ್ ಕೊಂಡು, ಅಲ್ಲಿಗೆ ಎಂದೂ ಕಾಲಿಡದ ಇಬ್ಬರು ನೆರೆಯವರಿಗೂ ಮಗನ ಗಣಿತದ ಶಿಕ್ಷಕಿಗೂ ಹಂಚಿದೆ. ಈಗ ಅವರಲ್ಲಿ ಇಬ್ಬರು ಸ್ವಂತ ದುಡ್ಡು ಕೊಟ್ಟು ಬರುತ್ತಾರೆ. ಗಿಫ್ಟ್ ಕಾರ್ಡ್ ಕೊಳ್ಳುವುದಾದರೆ ಹೀಗೆ ಕೊಳ್ಳಿ. ನೀವೇ ಬಳಸುವುದಾದರೆ ಸ್ವಲ್ಪ ಕಾಲ ಪೆಟ್ಟಿಗೆಯಲ್ಲಿಡಿ, ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಇಂಥ ಕಾರ್ಡಿಗೆ ಕೊನೆಯ ದಿನಾಂಕ ಹಾಕುವಂತಿಲ್ಲ.

ನಾಲ್ಕನೆಯದು ಇಪ್ಪತ್ತು, ಮೂವತ್ತು ಜನರ ಊಟವನ್ನು ಒಟ್ಟಿಗೆ ಹೇಳುವುದು. ಮೊದಲ ಸಲ ನಮ್ಮ ಕನ್ನಡದ ಗೆಳೆಯರ ಕೂಟಕ್ಕೆ ಶನಿವಾರ ಮಧ್ಯಾಹ್ನಕ್ಕೆ ಹೇಳಿಬಿಟ್ಟೆ. ಅವರ ವಾರದಲ್ಲಿ ಗಿರಾಕಿ ತುಂಬುವುದೇ ಅಂದು. ಅಡುಗೆಮನೆ ನಮ್ಮ ತಟ್ಟೆಗಳಲ್ಲಿ ಸಿಕ್ಕಿಕೊಂಡಿತು, ಕಾಯಂ ಗಿರಾಕಿಗಳು ನಲವತ್ತು ನಿಮಿಷ ಕಾದರು, ಒಂದು ಕುಟುಂಬ ಎದ್ದು ಹೋಯಿತು. ಒಳ್ಳೆಯದು ಮಾಡಲು ಹೋಗಿ ಅವರ ಸುಗ್ಗಿಯನ್ನೇ ಕೆಡಿಸಿದೆನಲ್ಲ ಎಂದು ಬಹಳ ನೊಂದೆ. ಎರಡನೆಯ ಸಲ ಒಡತಿಯನ್ನೇ ಕೇಳಿದೆ. ಅವರು ಸೋಮವಾರ ಸಂಜೆ ಎಂದರು. ಅರ್ಧ ಹಣ ಮುಂಗಡ ಕೊಟ್ಟೆ. ನಮ್ಮಲ್ಲಿ ಹೆಚ್ಚಿನವರು ಸಸ್ಯಾಹಾರಿಗಳಾದ್ದರಿಂದ ಪಿಂಟೊ ಕಾಳಿಗೆ ಹಂದಿಯ ಕೊಬ್ಬಿನ ಬದಲು ಎಣ್ಣೆ, ಅನ್ನಕ್ಕೆ ಕೋಳಿಯ ಸಾರಿನ ಬದಲು ಟೊಮೆಟೊ ನೀರು ಎಂದು ಮೊದಲೇ ಮಾತಾಡಿಕೊಂಡೆವು. (ಮಾಂಸ ಬೇಡ ಎಂದರೆ ಸಾಲದು, ಈ ಎರಡನ್ನೂ ಬಿಡಿಸಿ ಕೇಳಬೇಕು.) ಖಾಲಿ ಹೊಡೆಯುತ್ತಿದ್ದ ಸೋಮವಾರದ ಗಲ್ಲಾಕ್ಕೆ ಒಂದೇ ಸಂಜೆ 420 ಡಾಲರ್ ಬಂತು, ಕೆಲಸಕ್ಕೆ ಬೇರೆ ಆಳೂ ಬೇಕಾಗಲಿಲ್ಲ.

ನನ್ನ ತೀರ್ಪು ಇದು. ತಿಂಗಳಿಗೊಮ್ಮೆ ಹತ್ತಾರು ಜನ ಸೇರಿಸಬಲ್ಲವರು ಸೋಮವಾರದ ದೊಡ್ಡ ಊಟ ಹೇಳಿ, ಅದಕ್ಕೆ ಸಾಟಿ ಇಲ್ಲ. ಅದು ಆಗದವರು ಫೋನ್ ಮಾಡಿ ಪಾರ್ಸೆಲ್ ತನ್ನಿ. ಸಮಯವಿದ್ದರೆ ಅಲ್ಲೇ ಕುಳಿತು, ಊಟದ ಜೊತೆ ಒಂದು ಲೋಟ ಹಾಮೈಕಾ ಕುಡಿಯಿರಿ. ಆ ಕೆಂಪು ಪಾನಕವಾಗುವುದು ನಮ್ಮ ಪುಂಡಿಯ ಗಿಡದ ಹೂವಿನ ಬುಡದಲ್ಲಿರುವ, ಒಣಗಿಸಿದ ಕೆಂಪು ಪುಷ್ಪಪತ್ರಗಳಿಂದಲೇ. ನೀರು, ಸಕ್ಕರೆ, ಹೂವು ಅಷ್ಟೇ ಆದ್ದರಿಂದ ತಟ್ಟೆ ಊಟಕ್ಕಿಂತ ಅದರಲ್ಲಿ ಅವರಿಗೆ ಲಾಭ ಹೆಚ್ಚು. ಪುಂಡಿಪಲ್ಯ ತಿಂದು ಬೆಳೆದ ನಾಲಿಗೆಗೆ ಆ ಹುಳಿ ಹೊಸದೂ ಅಲ್ಲ.

ಮುಂದಿನ ಸೋಮವಾರ ಮತ್ತೆ ಮೂವತ್ತು ಜನರ ಊಟ ಹೇಳಿದ್ದೇನೆ, ಇನ್ನೂ ಆರು ಜನಕ್ಕೆ ಜಾಗವಿದೆ. ಬರುವವರು ಭಾನುವಾರ ಮಧ್ಯಾಹ್ನದೊಳಗೆ ತಿಳಿಸಿ. ಸಂಜೆ ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿಗೆ ಹಾಕುತ್ತಾರೆ.