ಮಿಕ್ವೆಗೆ ಮೊದಲೇ ಅಂಡ ಬಿಡುಗಡೆಯಾದರೆ: ಮಾತ್ರೆಯೋ, ಐಯುಐಯೋ?

ಯಹೂದಿಗಳ ನಿದ್ದಾ (ಮುಟ್ಟಿನ ಶುದ್ಧಿ) ನಿಯಮದ ಪ್ರಕಾರ ಮುಟ್ಟಾದ ಮೇಲೆ, ಹೆಂಡತಿ ಮಿಕ್ವೆ ಎಂಬ ಶುದ್ಧಿಸ್ನಾನದ ಕೊಳದಲ್ಲಿ ಮುಳುಗುವವರೆಗೆ ಗಂಡ ಹೆಂಡತಿ ಕೂಡುವಂತಿಲ್ಲ. ಅಶ್ಕೆನಾಜಿಗಳಲ್ಲಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳಲ್ಲಿ) ಮುಟ್ಟಿಗೆ ಕಡಿಮೆ ಅಂದರೂ 5 ದಿನ, ಆಮೇಲೆ ರಕ್ತ ಕಾಣದ 7 ದಿನ. ಆ ಏಳೂ ದಿನ ಬಿಳಿ ಹತ್ತಿಬಟ್ಟೆಯಿಂದ ಪರೀಕ್ಷೆ. ಕಲೆಯ ಬಣ್ಣದ ಬಗ್ಗೆ ಅನುಮಾನ ಬಂದರೆ ಬಟ್ಟೆ ರಬ್ಬಿಯ (ಯಹೂದಿ ಧರ್ಮಗುರುವಿನ) ಕೈಗೆ ಹೋಗುತ್ತದೆ. ಎಲ್ಲ ಮುಗಿದು ಮಿಕ್ವೆಯಲ್ಲಿ ಮುಳುಗುವ ಹೊತ್ತಿಗೆ 12 ದಿನ ಆಗಿರುತ್ತದೆ. 24 ದಿನಕ್ಕೇ ಮುಟ್ಟಾಗುವವಳಿಗೆ ಅಂಡ ಸುಮಾರು 10ನೇ ದಿನವೇ ಬಿಡುಗಡೆ! ದೇಹದಲ್ಲಿ ದೋಷವಿಲ್ಲ, ಆದರೂ ಮಗುವಿಲ್ಲ. ಎಷ್ಟು ಸಂಕಟ, ಅಲ್ವಾ?

ಒಂದು ದಾರಿ ಈಸ್ಟ್ರೋಜನ್ ಮಾತ್ರೆ. ಮುಟ್ಟಿನ ಮೊದಲ ದಿನಗಳಲ್ಲೇ ಶುರು ಮಾಡಿದರೆ ಅಂಡ ಬಿಡುಗಡೆ ಕೆಲವು ದಿನ ಮುಂದೆ ಹೋಗುತ್ತದೆ. ಅಗ್ಗ, ಸುಲಭ. ಗರ್ಭ ಮನೆಯಲ್ಲೇ, ಸಹಜವಾಗಿ ನಿಲ್ಲಬಹುದು. ವಾಕರಿಕೆ, ತಲೆನೋವು ಬರಬಹುದು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಬೇಡ.

ಇನ್ನೊಂದು ದಾರಿ ಐಯುಐ. ಇದು ಔಷಧಿ ಇಲ್ಲದೆಯೂ ನಡೆಯುತ್ತದೆ, ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುತ್ತಾರೆ. ತೊಡಕು ಬೇರೆಡೆ ಇದೆ. ಮಿಕ್ವೆಗೆ ಮೊದಲು ಇದನ್ನು ಕೆಲವು ರಬ್ಬಿಗಳು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಕೂಡುವಂತಿಲ್ಲದ ದಿನಗಳಲ್ಲಿ ವೀರ್ಯ ತೆಗೆಯುವುದು ಹೇಗೆ ಅನ್ನುವುದೂ ದೊಡ್ಡ ಪ್ರಶ್ನೆ. ಖರ್ಚೂ ಜಾಸ್ತಿ.

ನನ್ನ ಪ್ರಕಾರ ಮೊದಲು ಮಾತ್ರೆಯೇ ಸರಿ. ವಯಸ್ಸಾಗಿದ್ದರೆ, ವೀರ್ಯದಲ್ಲೂ ತೊಂದರೆ ಇದ್ದರೆ ಐಯುಐ ಬಗ್ಗೆ ಬೇಗ ಕೇಳಿ. ಜೆರುಸಲೇಮಿನ ಪೂಆ ಸಂಸ್ಥೆಯಲ್ಲಿ ರಬ್ಬಿಗಳು ಡಾಕ್ಟರ ಜೊತೆಯಲ್ಲೇ ಸಲಹೆ ಕೊಡುತ್ತಾರೆ.