ಬಳ್ಳಾರಿಯ ಲೇಡೀಸ್ ಹಾಸ್ಟೆಲ್, ಪಿಜಿಗಳು: ನೇರ ಮೂರನೇ ಸೆಮ್‌ಗೆ ಬರುವವರಿಗೆ ಯಾವುದು ಸರಿ?

ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್‌ನ ನೇರ ಮೂರನೇ ಸೆಮಿಸ್ಟರ್‌ಗೆ ಬಳ್ಳಾರಿಗೆ ಬರುವ ಹುಡುಗಿಯರಿಗೆ, ಬೇರೆ ಕಾಲೇಜಿನಿಂದ ನಡುವೆ ವರ್ಗವಾಗಿ ಬರುವವರಿಗೆ, ಕಾಲೇಜು ಸೀಟಿಗಿಂತ ಹಾಸ್ಟೆಲ್ ಮಂಚವೇ ದೊಡ್ಡ ತಲೆನೋವು. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯ, ಸೀಟು ಹಂಚಿ ಮುಗಿಸುವಷ್ಟರಲ್ಲಿ ಒಳ್ಳೆಯ ರೂಮುಗಳೆಲ್ಲ ಹಳಬರ ಪಾಲಾಗಿರುತ್ತವೆ. ಉಳಿಯುವುದು ಬಾಗಿಲ ಪಕ್ಕದ ಮಂಚ, ಇಲ್ಲವೇ ಬಿಸಿಲಿಗೆ ಕಾಯುವ ಮೇಲಿನ ಅಂತಸ್ತು. ಊರಲ್ಲಿರುವ ಮೂರು ಬಗೆಯ ವಸತಿಯನ್ನು (ಸರ್ಕಾರಿ ಹಾಸ್ಟೆಲ್, ಕಾಲೇಜಿನ ಹಾಸ್ಟೆಲ್, ಖಾಸಗಿ ಪಿಜಿ) ಹೀಗೆ ತಡವಾಗಿ ಬರುವವರ ಕಡೆಯಿಂದಲೇ ನೋಡಿ ಬರೆದದ್ದಿದು. ಮೊದಲ ವರ್ಷಕ್ಕೆ ಸೇರುವವರ ಲೆಕ್ಕ ಬೇರೆ.

ರೊಕ್ಕದ ವಿಷಯಕ್ಕೆ ಬಂದರೆ ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಸಾಟಿ ಇಲ್ಲ. ಊಟ, ವಸತಿ ಎರಡೂ ಉಚಿತ. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಇರಲಿ, ಸಮಾಜ ಕಲ್ಯಾಣ ಇಲಾಖೆಯದಿರಲಿ, ಅರ್ಜಿ ಹಾಕುವುದು ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ. ತೊಡಕಿರುವುದು ಸೌಲಭ್ಯದಲ್ಲಲ್ಲ, ಕ್ಯಾಲೆಂಡರ್‌ನಲ್ಲಿ. ಈಗಾಗಲೇ ಇರುವವರ ನವೀಕರಣ ಮುಗಿದು ಖಾಲಿ ಉಳಿದ ಸೀಟುಗಳಿಗಷ್ಟೇ ಹೊಸಬರ ಆಯ್ಕೆ. ಕಾಲೇಜಿನಲ್ಲಿ ನೀವು ಎರಡನೇ ವರ್ಷದವರಾದರೂ ಆ ಹಾಸ್ಟೆಲ್‌ಗೆ ಹೊಸಬರೇ, ಆದ್ದರಿಂದ ಹಾಕಬೇಕಾದದ್ದು ಹೊಸ ಅರ್ಜಿ. ‘ಸೆಕೆಂಡ್ ಇಯರ್ ಅಲ್ವಾ’ ಅಂತ ಸೈಬರ್ ಸೆಂಟರ್‌ನವರು ನವೀಕರಣ ಒತ್ತಿಬಿಟ್ಟರೆ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಡಿಪ್ಲೊಮಾ ಓದುವಾಗ ಕೊಪ್ಪಳದಲ್ಲೋ ರಾಯಚೂರಿನಲ್ಲೋ ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದವರು ಅಲ್ಲಿನ ವಾರ್ಡನ್‌ರಿಂದ ಬಿಡುಗಡೆ ಪತ್ರ ತೆಗೆದುಕೊಂಡೇ ಊರು ಬಿಡಬೇಕು. ಆಮೇಲೆ ಅದಕ್ಕೊಂದು ದಿನ ಬಸ್ಸು ಹತ್ತುವುದು ತಪ್ಪುತ್ತದೆ.

ದಾಖಲೆಗಳಲ್ಲಿ ಕೈಕೊಡುವುದು ಹೆಚ್ಚಾಗಿ ಎರಡೇ. ಒಂದು, ಆದಾಯ ಪ್ರಮಾಣಪತ್ರ. ಇದರ ಆಯಸ್ಸು 5 ವರ್ಷ. ಎಂಟು-ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಪ್ಲೊಮಾ ಮುಗಿಯುವಷ್ಟರಲ್ಲಿ ಸತ್ತಿರುತ್ತದೆ. ಆರ್‌ಡಿ ನಂಬರ್ (ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಹಾಕುವ ಮುಂಚೆ ದಿನಾಂಕ ನೋಡಿ, ಅವಧಿ ಮುಗಿದಿದ್ದರೆ ಸೀಟು ಹಂಚಿಕೆಗೆ ಕಾಯದೆ ನಾಡಕಚೇರಿಗೆ ಹೋಗಿ. ಇನ್ನೊಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ತಾಳೆ ಆಗಬೇಕು.

ಕಾಲೇಜಿನ ಸ್ವಂತ ಹಾಸ್ಟೆಲ್ ಬಗ್ಗೆ ಹೇಳುವುದು ಕಡಿಮೆ. ಅನುಕೂಲ ಉಂಟು, ಕ್ಲಾಸಿಗೆ ನಡೆದೇ ಹೋಗಬಹುದು. ಶುಲ್ಕ ಕೇಳುವುದು ಮಾತ್ರ ವರ್ಷದ ಲೆಕ್ಕದಲ್ಲಿ. ಎರಡು ತಿಂಗಳು ತಡವಾಗಿ ಸೇರಿದರೆ ಮೆಸ್ ಹಣವನ್ನಾದರೂ ಇಳಿಸುತ್ತಾರಾ ಎಂದು ಡಿಡಿ ತೆಗೆಸುವ ಮೊದಲೇ ಕೇಳಿ.

ಹಾಗಾಗಿ ಬಹುಪಾಲು ಹುಡುಗಿಯರ ಮೊದಲ ನಿಲ್ದಾಣ ಪಿಜಿ. ಕಂಟೋನ್ಮೆಂಟ್‌ನ ಆರ್‌ವೈಎಂಇಸಿಗೆ (ಎಂಜಿನಿಯರಿಂಗ್ ಕಾಲೇಜು) ಹೋಗುವವರು ಆ ಸುತ್ತಲಲ್ಲೇ ಹುಡುಕಬೇಕು. ಅಲ್ಲೀಪುರದ ಬಿಐಟಿಎಂ ಕಾಲೇಜಾದರೆ ಹೊಸಪೇಟೆ ರಸ್ತೆಯ ಬಸ್ಸು ಸುಲಭವಾಗಿ ಸಿಗುವ ಕಡೆ. ನೋಡಲು ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡಿ, ಆಗ ಎಲ್ಲ ಪಿಜಿಯೂ ಖಾಲಿ, ಶಾಂತ, ಚೊಕ್ಕ. ಸಂಜೆ ಏಳರ ಮೇಲೆ ಹೋಗಿ. ಎಲ್ಲ ನಲ್ಲಿ ತಿರುಗಿರುತ್ತವೆ, ಎಲ್ಲ ಫ್ಯಾನ್ ಓಡುತ್ತಿರುತ್ತವೆ, ಮೆಸ್‌ನಲ್ಲಿ ನಿಜವಾದ ಸಾರು ಇರುತ್ತದೆ. ಒಂದು ಬಾತ್‌ರೂಮಿಗೆ ಎಷ್ಟು ಜನ ಅಂತ ಮಾಲೀಕರನ್ನಲ್ಲ, ಇರುವ ಹುಡುಗಿಯರನ್ನೇ ಕೇಳಿ. ಐದು ದಾಟಿದರೆ ಎಂಟೂವರೆಯ ಕ್ಲಾಸಿಗೆ ದಿನಾ ಓಟವೇ.

ನೀರನ್ನು ಕಣ್ಣಲ್ಲೇ ಅಳೆಯಬಹುದು. ಬಕೆಟ್ ಒಳಗೆ ಬಿಳಿ ಪದರ ಕಟ್ಟಿದ್ದರೆ ಬೋರ್‌ವೆಲ್ ಗಡಸು ನೀರು. ಅದೇ ಸುಣ್ಣ ಗೀಸರ್ ಕಾಯಿಲ್ ಮೇಲೂ ಕೂತಿರುತ್ತದೆ, ಅದಕ್ಕೇ ನೀರು ಕಾಯಲು ಹೊತ್ತು ಹಿಡಿಯುವುದು. ಕುಡಿಯುವ ನೀರಿಗೆ ಟಿಡಿಎಸ್ ಪೆನ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಿಡಿದು ನೋಡಿ. ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಪ್ರಕಾರ ಅಪೇಕ್ಷಿತ ಮಿತಿ ಲೀಟರ್‌ಗೆ 500 ಮಿಲಿಗ್ರಾಂ. ಆರ್‌ಒ ದಾಟಿ ಬಂದ ನೀರೇ ಅದಕ್ಕಿಂತ ಮೇಲೆ ತೋರಿಸಿದರೆ ಅದರ ಮೆಂಬ್ರೇನ್ (ಸೋಸುವ ಪೊರೆ) ಬದಲಿಸಿ ಬಹಳ ಕಾಲವಾಗಿದೆ ಎಂದರ್ಥ.

ಬಿಸಿಲಿನ ಮಾತು ಇನ್ನೂ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಮಾಮೂಲಿ. ಕೊನೆಯ ಅಂತಸ್ತಿನ ಆರ್‌ಸಿಸಿ ಸ್ಲ್ಯಾಬ್ ಹಗಲು ಕುಡಿದ ಶಾಖವನ್ನು ನಡುರಾತ್ರಿಯವರೆಗೆ ಕೆಳಗೆ ಬಿಡುತ್ತದೆ, ಫ್ಯಾನ್ ಹಾಕಿದರೆ ಅದೇ ಬಿಸಿ ಮೈಮೇಲೆ. ತಲೆ ಮೇಲೆ ಇನ್ನೊಂದು ಅಂತಸ್ತು ಇರುವ ರೂಮು ಹಿಡಿಯಿರಿ, ಬೆಳಕು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಇಲ್ಲಿನ ಒಣ ಹವೆಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೇ ಜಿಗುಟು ಶುರು. ಹುಡುಗಿಯರ ಪಿಜಿಯಲ್ಲಿ ರಸ್ತೆ ಕಡೆಯ ಕಿಟಕಿಗೆ ಬೀಗ ಜಡಿದಿರುವುದುಂಟು, ಅದನ್ನೂ ನೋಡಿ.

ಊಟ ಪರವಾಗಿಲ್ಲ ಅನ್ನುವ ಮಟ್ಟದ್ದು. ಭಾನುವಾರ ರಾತ್ರಿ ಒಲೆ ಹಚ್ಚದ ಕಡೆ ಹೊರಗೆ ವಗ್ಗರಣಿ-ಮಿರ್ಚಿಯೇ ಗತಿ (ಅದಕ್ಕೆ ಯಾರ ತಕರಾರೂ ಇಲ್ಲ).

ಮಂಚ ಆರಿಸುವಾಗ ಗೋಡೆ-ಕಿಟಕಿಗಿಂತ ಪಕ್ಕದ ಮಂಚದವರು ಯಾರು ಅನ್ನುವುದನ್ನು ನೋಡಿ. ಎರಡು ಸೆಮಿಸ್ಟರ್ ಹಿಂದೆಯೇ ಗೆಳೆತನ, ನೋಟ್ಸ್, ವಾಟ್ಸಾಪ್ ಗ್ರೂಪ್ ಕಟ್ಟಿಕೊಂಡವರ ನಡುವೆ ನೀವು ಹೋಗಿ ಕೂರುವವರು. ಮೇಲಿಂದ ಮೊದಲ ವರ್ಷದ ಗಣಿತ ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಮ್ಮದೇ ಬ್ರಾಂಚಿನ ಮೂರನೇ ಅಥವಾ ಐದನೇ ಸೆಮ್‌ನವರು ಇರುವ ರೂಮು ಸಿಕ್ಕರೆ ಬಾಡಿಗೆ ತುಸು ಹೆಚ್ಚಾದರೂ ಅದೇ ಲಾಭ. ರಾತ್ರಿ ಪಾಳಿಯ ನರ್ಸಿಂಗ್ ಹುಡುಗಿಯರ ಜತೆ ಹಾಕಿದರೆ ಅವರ ನಿದ್ದೆಯೂ ಕೆಟ್ಟಿತು, ನಿಮ್ಮ ಓದೂ ಕೆಟ್ಟಿತು. ಹೊಸಬರೆಂದು ಕಾಡುವವರಿದ್ದರೆ, ಯುಜಿಸಿಯ 2009ರ ನಿಯಮ ಮೊದಲ ವರ್ಷದವರನ್ನಷ್ಟೇ ಅಲ್ಲ, ಯಾವುದೇ ವಿದ್ಯಾರ್ಥಿಯನ್ನು ಕಾಡಿದರೂ ರ‍್ಯಾಗಿಂಗ್ ಎನ್ನುತ್ತದೆ. ಸಹಾಯವಾಣಿ 1800-180-5522.

ಪಿಜಿಗೆ ಹಣ ಕಟ್ಟುವುದು ತಿಂಗಳ ಲೆಕ್ಕದಲ್ಲಿ ಮಾತ್ರ. ಹತ್ತು ತಿಂಗಳು ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಬೀಳಬೇಡಿ, ಸರ್ಕಾರಿ ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂದ ದಿನ ಆ ಹಣ ವಾಪಸ್ ಬರುವುದಿಲ್ಲ. ‘ಒಂದು ತಿಂಗಳ ನೋಟಿಸ್ ಕೊಟ್ಟರೆ ಅಡ್ವಾನ್ಸ್ ಪೂರ್ತಿ ವಾಪಸ್, ಬಣ್ಣದ ಖರ್ಚು ಇಷ್ಟು’ ಎಂದು ರಸೀದಿ ಹಿಂದೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಕುರುಗೋಡಿನಂಥ ಹತ್ತಿರದ ಊರಿನವರು ಅಷ್ಟು ದಿನ ಶಕ್ತಿ ಯೋಜನೆಯ ಬಸ್ಸಿನಲ್ಲೇ ಓಡಾಡಬಹುದು. ಸಿರುಗುಪ್ಪ, ಸಂಡೂರಿನಿಂದ ದಿನಾ ಬಂದು ಹೋಗಿ ಲ್ಯಾಬ್ ರೆಕಾರ್ಡ್ ಬರೆಯುವುದು ಸುಲಭವಲ್ಲ.

ಹಾಸ್ಟೆಲ್ ಸೀಟು ಕೊನೆಗೂ ಸಿಗದಿದ್ದರೆ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಉಂಟು: ಊಟ-ವಸತಿ ಖರ್ಚಿಗೆ ತಿಂಗಳ ಲೆಕ್ಕದಲ್ಲಿ 10 ತಿಂಗಳು ಸಹಾಯಧನ. ಇದರ ಅರ್ಜಿ ಹಾಸ್ಟೆಲ್ ಪೋರ್ಟಲ್‌ನಲ್ಲಲ್ಲ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ. ಹಣ ಆಧಾರ್ ಜೋಡಣೆಯಾದ ಖಾತೆಗೇ ಬೀಳುವುದರಿಂದ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಯಾವ ಖಾತೆಗೆ ಎಂಬ ಜೋಡಣೆ) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ.